ಹಳದಿಯ ತವರುಮನೆ ಯಾವುದು?

ಹರಿಹರದ ಹತ್ತಿರ ತುಂಗಭದ್ರೆಗೆ ಬಂದು ಸೇರುವ ಒಂದು ಸಣ್ಣ ಹೊಳೆ ಇದೆ, ಹೆಸರು ಹರಿದ್ರಾ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ, ಅಂದರೆ ಶಾಂತಿಸಾಗರದಿಂದ, ಹೊರಟು ಬರುವ ನೀರು ಅದು. ಹರಿದ್ರಾ ಅಂದರೆ ಸಂಸ್ಕೃತದಲ್ಲಿ ಅರಿಶಿನ. ಈ ಹೊಳೆಯ ಹೆಸರಿಗೂ ಇಂಗ್ಲಿಷಿನ 'ಯೆಲ್ಲೋ' ಅನ್ನೋ ಪದಕ್ಕೂ ರಕ್ತಸಂಬಂಧ ಇದೆ ಅಂದರೆ ನಂಬ್ತೀರಾ? ಇದೆ.

ಇನ್ನೊಂದು ಜೋಡಿ ನೋಡಿ. ನಮ್ಮ 'ಬಿಳಿಚು', ಇಂಗ್ಲಿಷಿನ 'ಬ್ಲೀಚ್'. ಒಂದು ಬೆಳ್ಳಗಾಗೋದು, ಇನ್ನೊಂದು ಬೆಳ್ಳಗೆ ಮಾಡೋದು. ಸದ್ದು ಹೆಚ್ಚುಕಡಿಮೆ ಒಂದೇ. "ಇಂಗ್ಲಿಷರು ಇದನ್ನು ನಮ್ಮಿಂದಲೇ ಕದ್ದದ್ದು" ಅಂತ ಒಂದು ಫಾರ್ವರ್ಡ್ ಮಾಡಿದರೆ ಸಂಜೆಯೊಳಗೆ ನೂರು ಗ್ರೂಪಿಗೆ ಹೋಗುತ್ತೆ. ಆದರೆ ಈ ಎರಡಕ್ಕೂ ಯಾವ ಸಂಬಂಧವೂ ಇಲ್ಲ.

ಹೋಲಿಕೆಯೇ ಇಲ್ಲದ ಪದಗಳು ನೆಂಟರು, ಅವಳಿಜವಳಿ ಥರ ಕಾಣುವ ಪದಗಳು ಅಪರಿಚಿತರು. ಇದನ್ನು ಪತ್ತೆ ಮಾಡೋದು ಹೇಗೆ? ನಾನು ಭಾಷಾವಿಜ್ಞಾನಿ ಅಲ್ಲ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದಿ, ಬೆಂಗಳೂರಿನಲ್ಲಿ ಕೋಡ್ ಬರೆದು ಸಂಬಳ ತಗೊಳ್ಳುವ ಸಾಮಾನ್ಯ ಸಾಫ್ಟ್‌ವೇರ್ ಉದ್ಯೋಗಿ. ಬಸ್ಸಿನಲ್ಲಿ ಕೂತು ಪದಗಳ ಚರಿತ್ರೆ ಓದೋದು ಹವ್ಯಾಸ. ಆ ಹವ್ಯಾಸ ಒಮ್ಮೆ ಮನೆಯವರ ಮುಂದೆ ಕೆಲಸಕ್ಕೂ ಬಂತು, ಅದನ್ನು ಆಮೇಲೆ ಹೇಳ್ತೀನಿ.

ನಕ್ಷತ್ರ ಹೊತ್ತ ಪದ

ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್ ಎಲ್ಲವೂ ಒಂದೇ ತಾಯಿಯ ಮಕ್ಕಳು. ಆ ತಾಯಿಯನ್ನು ಮೂಲ ಜರ್ಮಾನಿಕ್ ಅಂತಾರೆ. ಸುಮಾರು 2500 ವರ್ಷದ ಹಿಂದೆ, ಇವತ್ತಿನ ಡೆನ್ಮಾರ್ಕ್, ದಕ್ಷಿಣ ಸ್ವೀಡನ್, ಉತ್ತರ ಜರ್ಮನಿಯ ಕಡೆ ಆಡುತ್ತಿದ್ದ ಮಾತು. ಅದರಲ್ಲಿ ಬರೆದ ಒಂದು ಪುಸ್ತಕವೂ ಇಲ್ಲ. ಹಾಗಿದ್ದರೂ ಅದರಲ್ಲಿ ಹಳದಿ ಬಣ್ಣಕ್ಕೆ *ಗೆಲ್ವಜ್ ಅನ್ನೋ ಗುಣವಾಚಕ ಇತ್ತು ಅಂತ ವಿದ್ವಾಂಸರು ಹೇಳುತ್ತಾರೆ. ಮುಂದಿರುವ ನಕ್ಷತ್ರ ಚಿಹ್ನೆಗೆ ಒಂದು ಅರ್ಥ ಇದೆ: 'ಇದನ್ನು ಯಾರೂ ಬರೆದಿಟ್ಟಿಲ್ಲ, ಮಕ್ಕಳನ್ನು ನೋಡಿ ತಾಯಿಯ ಮುಖ ಊಹಿಸಿದ್ದೇವೆ.'

ನಮ್ಮ ಕೆಲಸದ ಮಾತಿನಲ್ಲಿ ಹೇಳೋದಾದರೆ, ಮೂಲ ರೆಪೊಸಿಟರಿ ಡಿಲೀಟ್ ಆಗಿದೆ. ಅದರಿಂದ ಫೋರ್ಕ್ ಆದ ನಾಲ್ಕೈದು ಕಾಪಿಗಳು ಮಾತ್ರ ಕೈಯಲ್ಲಿವೆ. ಪ್ರತಿ ಕಾಪಿಯಲ್ಲೂ ಅವರವರು ಬದಲಾವಣೆ ಮಾಡಿಕೊಂಡಿದ್ದಾರೆ. ಆದರೆ ಬದಲಾವಣೆ ಬೇಕಾಬಿಟ್ಟಿ ಅಲ್ಲ. ಒಬ್ಬ 'ಫೈಂಡ್ ಅಂಡ್ ರಿಪ್ಲೇಸ್' ಮಾಡಿದರೆ ಇಡೀ ಫೈಲಿಗೇ ಮಾಡಿದ್ದಾನೆ. ಆ ರೂಲ್ ಗೊತ್ತಾದರೆ ಹಿಂದಕ್ಕೆ ನಡೆದು ಮೂಲ ಏನಿತ್ತು ಅಂತ ಹೇಳಬಹುದು.

*ಗೆಲ್ವಜ್‌ನ ಮಕ್ಕಳು ಇವರು: ಜರ್ಮನ್ನಿನಲ್ಲಿ 'ಗೆಲ್ಬ್', ಡಚ್ಚಿನಲ್ಲಿ 'ಖೇಲ್', ಹಳೆಯ ಇಂಗ್ಲಿಷಿನಲ್ಲಿ 'ಯೆಓಲು', ಇವತ್ತಿನ ಇಂಗ್ಲಿಷಿನಲ್ಲಿ 'ಯೆಲ್ಲೋ'. ಮೊಟ್ಟೆಯ ಹಳದಿ ಭಾಗಕ್ಕೆ 'ಯೋಕ್' ಅಂತೀವಲ್ಲ, ಅದೂ ಯೆಲ್ಲೋನಿಂದಲೇ ಹುಟ್ಟಿದ ಪದ.

ಗ ಹೋಗಿ ಯ ಯಾಕೆ ಬಂತು? ಇಂಗ್ಲಿಷಿನಲ್ಲಿ ಇ, ಎ ಥರದ ಸ್ವರಗಳ ಹಿಂದಿದ್ದ ಗ ಮೆತ್ತಗಾಗಿ ಯ ಆಯಿತು. ಜರ್ಮನ್ನಿನ 'ಗೆಸ್ಟರ್ನ್' ಇಂಗ್ಲಿಷಿನಲ್ಲಿ 'ಯೆಸ್ಟರ್‌ಡೇ'ಯ ಯೆಸ್ಟರ್. ಒಂದು ಪದದಲ್ಲಿ ಆದರೆ ಕಾಕತಾಳೀಯ. ಸಾಲಾಗಿ ಆದರೆ ನಿಯಮ.

ಹರಿಯಿಂದ ಯೆಲ್ಲೋವರೆಗೆ

ಇನ್ನೊಂದು ಮೆಟ್ಟಿಲು ಹಿಂದಕ್ಕೆ ಹೋಗೋಣ. 1786ರಲ್ಲಿ ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು, ಆ ಮೂಲ ಬಹುಶಃ ಈಗ ಉಳಿದಿಲ್ಲ ಅಂದರು. 1822ರಲ್ಲಿ ಯಾಕೋಬ್ ಗ್ರಿಮ್, ನಮಗೆಲ್ಲ ಗೊತ್ತಿರೋ ಗ್ರಿಮ್ ಸಹೋದರರ ಕಥೆಗಳ ಅದೇ ಗ್ರಿಮ್, ಜರ್ಮಾನಿಕ್ ಭಾಷೆಗಳ ವ್ಯಂಜನಗಳು ಹೇಗೆ ಸಾಲಾಗಿ ಬದಲಾದವು ಅನ್ನೋದನ್ನು ನಿಯಮದ ರೂಪದಲ್ಲಿ ಇಟ್ಟರು.

ಆ ಥರದ ಒಂದು ನಿಯಮ ನಮಗೆ ಇಲ್ಲಿ ಬೇಕು. ಮೂಲ ಭಾಷೆಯ ಒಂದು ಧ್ವನಿ ಸಂಸ್ಕೃತದಲ್ಲಿ 'ಹ' ಆಯಿತು, ಜರ್ಮಾನಿಕ್‌ನಲ್ಲಿ 'ಗ' ಆಯಿತು. ಪರೀಕ್ಷೆ ಮಾಡಿ:

ಹಂಸ: ಜರ್ಮನ್ ಗಾನ್ಸ್, ಇಂಗ್ಲಿಷ್ ಗೂಸ್.
ವಾಹನದ 'ವಹ್': ಡಚ್ಚರಿಂದ ಇಂಗ್ಲಿಷಿಗೆ ಬಂದ ವ್ಯಾಗನ್.
ಹಿರಣ್ಯ: ಗೋಲ್ಡ್.
ಹ್ಯಃ: ಜರ್ಮನ್ ಗೆಸ್ಟರ್ನ್. ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕ್ಸ್ ಬರುತ್ತೆ ಅಂತ ಸಂಸ್ಕೃತ ತಗೊಂಡೋರಿಗೆ 'ಹ್ಯಃ' ಅಂದರೆ ನಿನ್ನೆ ಅಂತ ನೆನಪಿರಬಹುದು.

ಜೊತೆಗೆ ಇನ್ನೊಂದು: ಎಷ್ಟೋ ಕಡೆ ಮೂಲದ 'ಲ' ಸಂಸ್ಕೃತದಲ್ಲಿ 'ರ' ಆಗಿದೆ. ರುಚಿರ, ರೋಚನದಲ್ಲಿರೋ 'ಹೊಳೆಯೋ' ಅರ್ಥದ ರುಚ್ ಧಾತು ಇಂಗ್ಲಿಷಿನ ಲೈಟ್‌ನ ನೆಂಟ. ಶ್ರುತ, ಅಂದರೆ ಕೇಳಿಸಿದ್ದು, ಇಂಗ್ಲಿಷಿನ ಲೌಡ್‌ನ ನೆಂಟ.

ಈಗ ಎರಡೂ ನಿಯಮ ಸೇರಿಸಿ. ಹ ಇದ್ದಲ್ಲಿ ಗ, ರ ಇದ್ದಲ್ಲಿ ಲ. ಸಂಸ್ಕೃತದ 'ಹರಿ' ಜರ್ಮಾನಿಕ್‌ನಲ್ಲಿ 'ಗೆಲ್' ಅಂತ ಶುರುವಾಗಬೇಕು. *ಗೆಲ್ವಜ್! ಹರಿ ಅಂದ ತಕ್ಷಣ ನಮಗೆ ವಿಷ್ಣು ನೆನಪಾಗೋದು. ದೇವರ ಹೆಸರಿಗೆ ವ್ಯಾಖ್ಯಾನಕಾರರು ಬೇರೆ ಅರ್ಥಗಳನ್ನೂ ಹೇಳುತ್ತಾರೆ. ಆದರೆ ಬಣ್ಣದ ಪದವಾಗಿ ಹರಿ ಅಂದರೆ ಹಳದಿ, ಕಂದುಹಳದಿ, ಹಸಿರುಹಳದಿ. ಋಗ್ವೇದದಲ್ಲಿ ಇಂದ್ರನ ಕುದುರೆಗಳಿಗೆ ಇದೇ ವಿಶೇಷಣ. ಅದರಿಂದಲೇ ಹರಿತ, ಅದರಿಂದಲೇ ಹರಿದ್ರಾ. ಪ್ರಾಕೃತಗಳಲ್ಲಿ ರ ಮತ್ತೆ ಲ ಆಗಿ 'ಹಲಿದ್ದಾ', ಮುಂದೆ ಹಿಂದಿಯಲ್ಲಿ 'ಹಲ್ದಿ', ಮರಾಠಿಯಲ್ಲಿ 'ಹಳದ', ಆ ಕಡೆಯಿಂದ ನಮ್ಮಲ್ಲಿಗೆ 'ಹಳದಿ'.

ಕಲ್ಯಾಣ ಮಂಟಪ ತುಂಬಾ ನೆಂಟರು

ನಮ್ಮ ಚಿಕ್ಕಪ್ಪನ ಮಗನ ಮದುವೆ ದಾವಣಗೆರೆಯಲ್ಲಿ ನಡೆಯಿತು. ಅರಿಶಿನ ಶಾಸ್ತ್ರ ಅಂತ ಮನೆಯ ಹಿರಿಯರು ಕರೆಯುವುದನ್ನು ಹುಡುಗರು ಇನ್ವಿಟೇಶನ್ನಿನಲ್ಲಿ 'ಹಲ್ದಿ ಫಂಕ್ಷನ್' ಅಂತ ಹಾಕಿದ್ದರು. ಡ್ರೆಸ್ ಕೋಡ್ ಯೆಲ್ಲೋ. ಅಲ್ಲಿ ನಿಂತು ನನಗೆ ನಗು ಬಂತು. ಹಲ್ದಿಗೆ ಯೆಲ್ಲೋ ಹಾಕ್ಕೊಂಡು ಬನ್ನಿ ಅಂದರೆ, ಅಕ್ಕನ ಮನೆಗೆ ತಂಗಿಯನ್ನು ಕರೆದ ಹಾಗೆ.

ಇಷ್ಟೇ ಅಲ್ಲ. ಸೀರೆಯ 'ಜರಿ' ಪರ್ಷಿಯನ್ ಭಾಷೆಯ 'ಜರ್' ಪದದಿಂದ ಬಂದದ್ದು. ಜರ್ ಅಂದರೆ ಬಂಗಾರ, ಸಂಸ್ಕೃತದ ಹಿರಣ್ಯದ ಖಾಸಾ ದಾಯಾದಿ. ಸಂಸ್ಕೃತ ಹ ಅಂದಲ್ಲಿ ಇರಾನಿನ ಭಾಷೆಗಳು ಜ ಅಂದವು. ಊಟದ ನಂತರ ಯಾರೋ ಕೇಳಿದ 'ಜರ್ದಾ' ಬೀಡಾ ಕೂಡ ಅದೇ ಮನೆತನ. ಪರ್ಷಿಯನ್ನಿನಲ್ಲಿ 'ಜರ್ದ್' ಅಂದರೆ ಹಳದಿ.

ಗ್ರೀಸ್ ಕಡೆ ಹೋದ ಮಕ್ಕಳು ಇನ್ನೂ ವಿಚಿತ್ರ. ಅಲ್ಲಿ 'ಖ್ಲೋರೋಸ್' ಅಂದರೆ ತಿಳಿಹಸಿರು, ಹಸಿರುಹಳದಿ. 1810ರಲ್ಲಿ ಹಂಫ್ರಿ ಡೇವಿ ಒಂದು ಹಸಿರುಹಳದಿ ಅನಿಲಕ್ಕೆ ಆ ಬಣ್ಣ ನೋಡಿಯೇ ಕ್ಲೋರಿನ್ ಅಂತ ಹೆಸರಿಟ್ಟರು. ಎಲೆಯ ಕ್ಲೋರೋಫಿಲ್‌ಗೂ ಅದೇ ಮೂಲ. ಇನ್ನೊಂದು ಗ್ರೀಕ್ ಪದ 'ಖೊಲೆ', ಅಂದರೆ ಪಿತ್ತ, ಅದರ ಬಣ್ಣದಿಂದ ಬಂದ ಹೆಸರು. ಅದರಿಂದ ಹುಟ್ಟಿದ್ದು ಕೊಲೆಸ್ಟ್ರಾಲ್. ನಮ್ಮೂರಿನ ಬೆಣ್ಣೆ ದೋಸೆ ಎರಡನೇ ಪ್ಲೇಟ್ ಆರ್ಡರ್ ಮಾಡುವಾಗ ನೆನಪಾಗುತ್ತಲ್ಲ, ಅದೇ. ಹರಿದ್ರಾ ಹೊಳೆ, ಜರಿ ಸೀರೆ, ಗೋಲ್ಡ್ ಲೋನ್, ನೀರಿಗೆ ಹಾಕೋ ಕ್ಲೋರಿನ್, ಬ್ಲಡ್ ರಿಪೋರ್ಟಿನ ಕೊಲೆಸ್ಟ್ರಾಲ್ ಎಲ್ಲದರ ಹಿಂದೆ ಒಂದೇ ಬೇರು.

ವೇಷ ಮಾತ್ರ ಒಂದೇ

ಈಗ ಮೋಸದ ಜೋಡಿಗಳು. ಹರಿತ ಅಂದರೆ ಹಸಿರು ಅಂತಲೂ ಅರ್ಥ ಇದೆ, ಹಿಂದಿಯ 'ಹರಾ' ಅಲ್ಲಿಂದಲೇ ಬಂದದ್ದು. ಹಾಗಾದರೆ ನಮ್ಮ 'ಹಸಿರು' ಕೂಡ ಅದೇ ಕುಟುಂಬವಾ? ಅಲ್ಲ. ಹಸಿರಿನ ಹಳೆಯ ರೂಪ 'ಪಸಿರ್', 'ಪಸುರ್'. ತಮಿಳಿನಲ್ಲಿ ಪಚ್ಚೈ, ತೆಲುಗಿನಲ್ಲಿ ಪಚ್ಚ. ಕನ್ನಡದಲ್ಲಿ ಮಾತ್ರ ಪದದ ಮೊದಲಿನ ಪ ಕಾಲಕ್ರಮದಲ್ಲಿ ಹ ಆಯಿತು: ಪಾಲ್ ಹಾಲಾಯಿತು, ಪೂ ಹೂವಾಯಿತು, ಪೊನ್ ಹೊನ್ನಾಯಿತು. ಹರಿಹರೇಶ್ವರ ದೇವಸ್ಥಾನವನ್ನು ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೊಲಾಳ್ವ 1224ರಲ್ಲಿ ಕಟ್ಟಿಸಿದ; ಕನ್ನಡದ ಪ ಕಾರ ಹ ಕಾರಕ್ಕೆ ಜಾಗ ಬಿಟ್ಟುಕೊಡುತ್ತಿದ್ದ ಕಾಲಘಟ್ಟ ಅದು. ಹಾಗಾಗಿ ಹಸಿರಿನ ಹ ಬೇರೆ, ಹರಿತದ ಹ ಬೇರೆ. ಹೊನ್ನಿನ ಹ ಬೇರೆ, ಹಿರಣ್ಯದ ಹ ಬೇರೆ.

ಹಸಿರಿನ ನಿಜವಾದ ನೆಂಟರಲ್ಲಿ ಒಬ್ಬರು ತೆಲುಗಿನ 'ಪಸುಪು'. ಪಸುಪು ಅಂದರೆ ಅರಿಶಿನ! ನಮ್ಮಲ್ಲಿ ಹಸಿರು, ಅವರಲ್ಲಿ ಅರಿಶಿನದ ಹಳದಿ. ಸಂಸ್ಕೃತ-ಗ್ರೀಕ್ ಮನೆಯಲ್ಲೂ ಹಳದಿ-ಹಸಿರು ಅದಲುಬದಲಾಗಿದ್ದು ನೋಡಿದೆವಲ್ಲ, ಇಲ್ಲಿಯೂ ಅದೇ ಕಥೆ. ಹಣ್ಣಾಗುವ ಎಲೆ ನೋಡಿದವರಿಗೆ ಈ ಎರಡು ಬಣ್ಣದ ನಡುವಿನ ಗೆರೆ ಎಷ್ಟು ತೆಳು ಅಂತ ಗೊತ್ತು.

ಇನ್ನು ಬ್ಲೀಚ್. ಅದು ಇನ್ನೊಂದು ಮೂಲ ಜರ್ಮಾನಿಕ್ ಗುಣವಾಚಕ *ಬ್ಲೈಕಜ್‌ನಿಂದ ಬಂದದ್ದು: 'ಹೊಳೆಯುವ, ಬಣ್ಣಗೆಟ್ಟ'. ಜರ್ಮನ್ನಿನ 'ಬ್ಲೈಶ್' ಅಂದರೆ ಬಿಳಿಚಿದ್ದು. ಐಸ್‌ಲ್ಯಾಂಡಿನಲ್ಲಿ 'ಬ್ಲೇಯ್ಕುರ್' ಈಗ ಗುಲಾಬಿ ಬಣ್ಣ. ಇಂಗ್ಲಿಷಿನ 'ಬ್ಲೀಕ್' ಕೂಡ ಈ ಮನೆಯದೇ. ಗಮನಿಸಿ, ಮೂಲದಲ್ಲಿ ಕ ಇದೆ. ಬ್ಲೀಚ್‌ನ ಚ ಆಮೇಲೆ ಇಂಗ್ಲಿಷಿನ ನೆಲದಲ್ಲಿ ಕ ಮೆತ್ತಗಾಗಿ ಬಂದದ್ದು, ಸ್ಕಾಟ್ಲೆಂಡಿನಲ್ಲಿ 'ಕಿರ್ಕ್' ಅನ್ನೋದು ಇಂಗ್ಲೆಂಡಿನಲ್ಲಿ 'ಚರ್ಚ್' ಆದ ಹಾಗೆ. ನಮ್ಮ ಬಿಳಿಚಿನಲ್ಲಿ 'ಚು' ಅನ್ನೋದು ಪ್ರತ್ಯಯ, ಪದದ ಜೀವ 'ಬಿಳಿ'. ಆ ಬಿಳಿಯ ನೆಂಟರು ತಮಿಳಿನ ವೆಳ್, ತೆಲುಗಿನ ವೆಲ್ಲ, ತುಳುವಿನ ಬೊಳ್ದು. ಹಿಂದಕ್ಕೆ ನಡೆದಷ್ಟೂ ಬ್ಲೀಚ್ ಮತ್ತು ಬಿಳಿಚು ದೂರ ಆಗುತ್ತವೆ. ಯೆಲ್ಲೋ ಮತ್ತು ಹರಿದ್ರಾ ಹತ್ತಿರ ಆಗುತ್ತವೆ. ಪರೀಕ್ಷೆ ಇದೇ.

ತಮಾಷೆ ಅಂದರೆ, ಚರಂಡಿಗೆ ಎರಚೋ ಬ್ಲೀಚಿಂಗ್ ಪೌಡರ್‌ನಲ್ಲಿ 'ಬ್ಲೀಚ್' ನಮ್ಮ ಯಾರಿಗೂ ಸಂಬಂಧಿ ಅಲ್ಲ, ಆದರೆ ಅದರೊಳಗಿನ ಕ್ಲೋರಿನ್ ಹೆಸರು ಹರಿದ್ರಾ ಹೊಳೆಯ ಬಳಗ.

ಹಳದಿ ಸೊಸೆ, ಬಿಳಿ ಮಗಳು

ಇಲ್ಲಿ ಒಂದು ಎಚ್ಚರಿಕೆ. ಯೆಲ್ಲೋ ಮತ್ತು ಹಳದಿ ನೆಂಟರು ಅಂದ ಮಾತ್ರಕ್ಕೆ ಕನ್ನಡ ಮತ್ತು ಇಂಗ್ಲಿಷ್ ನೆಂಟರಲ್ಲ. ಹಳದಿ ಕನ್ನಡದ ಮನೆಗೆ ಸೊಸೆಯಾಗಿ ಬಂದವಳು. ಅವಳ ತವರುಮನೆ ಸಂಸ್ಕೃತದ ಕಡೆ, ಯೆಲ್ಲೋ ಅವಳ ತವರಿನ ದೂರದ ತಂಗಿ. ನಮಗೆ ಇಂಗ್ಲಿಷ್ ಬೀಗರ ಕಡೆಯವರ ನೆಂಟ, ಅಷ್ಟೇ. ಆದರೆ ಬಿಳಿ, ಹಸಿರು, ಹಾಲು, ಕಿವಿ, ಕೆರೆ ಇವೆಲ್ಲ ಈ ಮನೆಯಲ್ಲೇ ಹುಟ್ಟಿದ ಮಕ್ಕಳು. ಇವರ ದಾಯಾದಿಗಳು ಇರೋದು ತಮಿಳು, ಮಲಯಾಳ, ತುಳು, ಕೊಡವ, ತೆಲುಗಿನ ಮನೆಗಳಲ್ಲಿ. ದ್ರಾವಿಡ ಭಾಷೆಗಳು ಸಂಸ್ಕೃತದಿಂದ ಹುಟ್ಟಿದ್ದಲ್ಲ, ಬೇರೆಯೇ ಕುಟುಂಬ ಅಂತ 1816ರಲ್ಲಿ ಮದರಾಸಿನ ಫ್ರಾನ್ಸಿಸ್ ವೈಟ್ ಎಲ್ಲಿಸ್ ತೋರಿಸಿದರು, 1856ರಲ್ಲಿ ರಾಬರ್ಟ್ ಕಾಲ್ಡ್‌ವೆಲ್ ದೊಡ್ಡ ಪುಸ್ತಕವನ್ನೇ ಬರೆದರು. 1961ರಲ್ಲಿ ಬರೋ ಮತ್ತು ಎಮೆನೋ ಸೇರಿ ಈ ಕುಟುಂಬದ ಪದಗಳ ನಿಘಂಟು ಹೊರತಂದರು.

ಸೊಸೆ ಅಂದರೆ ಕಡಿಮೆ ಅಂತಲ್ಲ. ಈಗ ಮನೆ ನಡೆಸೋದೇ ಅವಳು. ಹಳದಿ ಅನ್ನದೆ ಕನ್ನಡದಲ್ಲಿ ಆ ಬಣ್ಣ ಹೇಳಿ ನೋಡೋಣ!

ಕೆರೆ ಕೊಟ್ಟ ಉತ್ತರ

ಮೇಲೆ ಹೇಳಿದ ಮದುವೆಯ ಹುಡುಗಿ ಸೇಲಂನವರು. ಇಬ್ಬರೂ ಬೆಂಗಳೂರಿನಲ್ಲಿ ಕೆಲಸ. ಹಿರಿಯರು ಒಪ್ಪಿ, ನಿಶ್ಚಿತಾರ್ಥದ ದಿನ ಗೊತ್ತಾದದ್ದು 2025ರ ಜೂನ್‌ಗೆ. ಅದಕ್ಕೆ ಸರಿಯಾಗಿ ಮೇ ಕೊನೆಯಲ್ಲಿ ಚೆನ್ನೈನ ಸಿನಿಮಾ ಸಮಾರಂಭದಲ್ಲಿ ನಟ ಕಮಲ್ ಹಾಸನ್, ಕನ್ನಡ ತಮಿಳಿನಿಂದ ಹುಟ್ಟಿದ್ದು ಅನ್ನೋ ಅರ್ಥದ ಮಾತಾಡಿದರು. ಮುಂದಿನದು ನಿಮಗೆ ಗೊತ್ತೇ ಇದೆ, ಆ ಸಿನಿಮಾ ಜೂನ್ 5ಕ್ಕೆ ಕರ್ನಾಟಕದಲ್ಲಿ ಬಿಡುಗಡೆ ಆಗಲಿಲ್ಲ. ನಮ್ಮ ಫ್ಯಾಮಿಲಿ ಗ್ರೂಪಿನಲ್ಲೂ ಬಿಸಿ ಏರಿತು. ಕಾರ್ಯಕ್ರ‍ಮ ಮುಂದಕ್ಕೆ ಹಾಕೋಣ ಅನ್ನೋ ಮಾತು ಎದ್ದಿತು. ಚಿಕ್ಕಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕೊನೆಗೆ ಗೊತ್ತಾದ ದಿನವೇ ನಿಶ್ಚಿತಾರ್ಥ ಆಯಿತು. ಆದರೆ ಊಟಕ್ಕೆ ಕೂತಾಗ ನಮ್ಮ ಸೋದರಮಾವ ಬೀಗರಿಗೆ ಕೇಳಿಸೋ ಹಾಗೇ ಅಂದರು: "ಅಲ್ಲೋ ಅಳಿಯ, ನಮ್ ಭಾಷೆ ಅವರದ್ರ ಹೊಟ್ಟೇಲಿ ಹುಟ್ಟಿದ್ದು ಅಂತಾರಲ್ಲ, ನೀನು ಭಾಳ ಓದ್ತೀಯ, ನಿಜ ಏನೈತೆ ಹೇಳು."

"ನಮ್ಮೂರ ಹೆಸರಲ್ಲೇ ಐತೆ ಮಾವ, ಕೇಳ್ರಿ" ಅಂದೆ. ದಾವಣಗೆರೆಯ ಕೊನೆಗೆ ಇರೋದು ಕೆರೆ. ಹಳೆಗನ್ನಡದಲ್ಲಿ 'ಕೆಱೆ'. ತೆಲುಗಿನಲ್ಲಿ ಅದು ಚೆರುವು, ಮಲಯಾಳದಲ್ಲಿ ಚಿಱ, ತಮಿಳಿನಲ್ಲಿ ಚಿಱೈ. ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಕಿರು ಅವರಿಗೆ ಚಿಱು. ಇ, ಎ ಹಿಂದೆ ಕ ಇದ್ದಲ್ಲಿ ಅವರದು ಚ. ಕ ಮೆತ್ತಗಾಗಿ ಚ ಆಗೋದು ಪ್ರಪಂಚದ ಎಷ್ಟೋ ಭಾಷೆಗಳಲ್ಲಿ ನಡೆದಿದೆ, ಕಿರ್ಕ್-ಚರ್ಚ್ ಅದೇ. ಚ ಗಟ್ಟಿಯಾಗಿ ಕ ಆಗೋದು ತೀರಾ ಅಪರೂಪ. ಅಂದರೆ ಇಲ್ಲಿ ಹಳೆಯದನ್ನು ಉಳಿಸಿಕೊಂಡಿದ್ದು ಕನ್ನಡ.

ಮಾವನ ಮುಖ ಅರಳಿತು. "ಹಂಗಾದ್ರೆ ತಮಿಳೇ ನಮ್ಮಿಂದ ಹುಟ್ಟಿದ್ದು!"

"ಅದೂ ಅಲ್ಲ ಮಾವ" ಅಂದೆ. ಅವರ ವಾಯ್ ನಮಗೆ ಬಾಯಿ, ವಿರಲ್ ನಮಗೆ ಬೆರಳು, ವಿಲ್ ನಮಗೆ ಬಿಲ್ಲು, ವೆಳ್ಳಿ ನಮಗೆ ಬೆಳ್ಳಿ. ಇಲ್ಲಿ ಮೂಲದ್ದು ವ. ಹಳೆಯದನ್ನು ಉಳಿಸಿಕೊಂಡಿದ್ದು ತಮಿಳು, ಬದಲಾಯಿಸಿದ್ದು ನಾವು. ಒಂದು ಒಡವೆ ಅಕ್ಕನ ಹತ್ತಿರ ಉಳಿದಿದೆ, ಇನ್ನೊಂದು ತಂಗಿಯ ಹತ್ತಿರ. ಇಬ್ಬರೂ ಒಬ್ಬರಿಗೊಬ್ಬರು ತಾಯಿ ಆಗೋಕೆ ಸಾಧ್ಯ ಇಲ್ಲ. ನಿಜವಾದ ತಾಯಿಯ ಮಾತನ್ನು ಯಾರೂ ಬರೆದಿಟ್ಟಿಲ್ಲ. ನಕ್ಷತ್ರ ಹಾಕಿ ಊಹಿಸಬೇಕು.

ಹುಡುಗಿಯ ತಂದೆ ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ, "ಚಿಱೈ ಅಂದ್ರೆ ಈಗ ನಮ್ಮಲ್ಲಿ ಜೈಲು ಸಾರ್" ಅಂದರು. ನೀರನ್ನು ತಡೆದು ಕೂಡಿಹಾಕೋದು ಕೆರೆ, ಮನುಷ್ಯರನ್ನು ಕೂಡಿಹಾಕೋದು ಜೈಲು. ಮಾವ ಮದುಮಗನ ಕಡೆ ನೋಡಿ, "ಸರಿಯಾಗೇ ಐತೆ ಬಿಡು" ಅಂದರು. ಪಂಕ್ತಿಯವರೆಲ್ಲ ನಕ್ಕರು. ನನ್ನ ಮಾತಿನಿಂದ ಮದುವೆ ಉಳಿಯಿತು ಅಂತ ನಾನು ಹೇಳೋದಿಲ್ಲ, ಹಿರಿಯರು ಮೊದಲೇ ಗಟ್ಟಿ ಇದ್ದರು. ಆದರೆ ಚಿಕ್ಕಮ್ಮ ಅವತ್ತು ಎರಡು ಹೋಳಿಗೆ ತಿಂದರು.

ಮುಂದಿನ ಫಾರ್ವರ್ಡ್ ಬಂದಾಗ

'ಈ ಪದ ಆ ಭಾಷೆಯಿಂದ ಬಂದದ್ದು' ಅಂತ ಯಾರಾದರೂ ಕಳಿಸಿದರೆ ಮೂರು ಪ್ರಶ್ನೆ ಕೇಳಿ. ಒಂದು, ಹಳೆಯ ರೂಪ ಏನಿತ್ತು? ಹಸಿರು ಪಸಿರ್ ಆಗಿತ್ತು ಅಂತ ಗೊತ್ತಾದ ಕೂಡಲೇ ಅರ್ಧ ಮೋಸ ಬಯಲಾಗುತ್ತೆ. ಎರಡು, ಇದೇ ವ್ಯತ್ಯಾಸ ಇನ್ನೂ ನಾಲ್ಕು ಪದಗಳಲ್ಲಿ ಸಿಗುತ್ತಾ? ಹರಿ-ಗೆಲ್ಬ್ ಜೊತೆಗೆ ಹಂಸ-ಗಾನ್ಸ್ ಸಿಕ್ಕ ಹಾಗೆ. ಮೂರು, ಇದು ಮನೆಯಲ್ಲಿ ಹುಟ್ಟಿದ ಪದವೋ, ಮದುವೆಯಾಗಿ ಬಂದ ಪದವೋ? ಈ ಮೂರಕ್ಕೂ ಉತ್ತರ ಇಲ್ಲದಿದ್ದರೆ ಅದು ಬರೀ ಹೋಲಿಕೆ. ಹೋಲಿಕೆ ನೋಡಿ ನೆಂಟಸ್ತನ ಹೇಳಬೇಡಿ, ಜಗಳವನ್ನಂತೂ ತೆಗೆಯಲೇಬೇಡಿ.

ನನ್ನ ಹತ್ತಿರ ಈಗ ಒಂದು ಪಟ್ಟಿ ಬೆಳೀತಾ ಇದೆ. ಕನ್ನಡದ ಅರಿಶಿನ, ತೆಲುಗಿನ ಪಸುಪು, ತಮಿಳಿನ ಮಂಜಳ್, ಮರಾಠಿಯ ಹಳದ, ಉರ್ದುವಿನ ಹಲ್ದಿ. ದಾವಣಗೆರೆಯ ಒಂದೇ ಬೀದಿಯಲ್ಲಿ ಇಷ್ಟೂ ಕೇಳಿಸಬಹುದು. ನಿಮ್ಮ ಮನೆಮಾತಿನಲ್ಲಿ ಅರಿಶಿನಕ್ಕೆ ಏನಂತೀರಿ? ಹಳದಿ ಬಣ್ಣಕ್ಕೂ ಅದೇ ಪದವಾ, ಬೇರೆಯಾ? ಓದುಗರ ಅಂಕಣಕ್ಕೆ ಬರೆದು ಕಳಿಸಿ. ಅಜ್ಜಿಯರಿದ್ದರೆ ಮೊದಲು ಅವರನ್ನು ಕೇಳಿ.